ಅಟ್ಟದಡಿ ಟ್ರ್ಯಾಕ್ಟರ್ ಹಿಡಿಸುವುದು ಹೇಗೆ?

ಪ್ರಶ್ನೆ: ಮಳೆಗಾಲಕ್ಕೆ ಟ್ರ್ಯಾಕ್ಟರನ್ನು ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸಬೇಕು. ಮೇಲಿನ ಟಾಪ್ ಎರಡು ಬೆರಳಷ್ಟು ತೊಲೆಗೆ ತಾಗುತ್ತದೆ. ಚಕ್ರದ ಗಾಳಿ ಇಳಿಸಿದರೆ ಸಾಕೇ?
– ಓದುಗರೊಬ್ಬರು, ಕೆಂಕೆರೆ

ಉತ್ತರ: ಎರಡು ಬೆರಳು ತಗ್ಗೀತು, ಆದರೆ ಆ ದಾರಿ ಬೇಡ. ಗಾಳಿಯಿಲ್ಲದ ಟೈರಿನ ಮೇಲೆ ಗಾಡಿ ಓಡಿಸಿದರೆ ಟ್ಯೂಬು ಒಳಗೇ ಜಾರಿ ವಾಲ್ವಿನ ಬುಡ ಹರಿಯುತ್ತದೆ. ತಿಂಗಳುಗಟ್ಟಲೆ ಹಾಗೇ ನಿಂತರೆ ಟೈರಿನ ಪಕ್ಕೆ ಬಿರಿಯುತ್ತದೆ. ಟಾಪ್ ನಿಂತಿರುವುದು ಬೋಲ್ಟುಗಳ ಮೇಲೆ, ಬಿಚ್ಚಿಡಿ. ತೇರಿಗೆ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ: ಜಾತ್ರೆ ಮುಗಿದ ಮೇಲೆ ಕಳಸ, ಬಟ್ಟೆ, ಬಿದಿರು ಇಳಿಸಿ, ಗಾಲಿಯಿರುವ ಮರದ ಭಾಗವನ್ನಷ್ಟೇ ಉಳಿಸುತ್ತಾರೆ.

ಅಳತೆ ಯಾವಾಗ ತೆಗೆದಿರಿ ಎಂಬುದು ಬಹಳ ಮುಖ್ಯ. ಉಂಡೆ ಕೊಬ್ಬರಿಯಾಗಲು ಕಾಯಿ ಸುಮಾರು 10–11 ತಿಂಗಳು ಅಟ್ಟದಲ್ಲೇ ಇರಬೇಕು. ಖಾಲಿ ಅಟ್ಟದ ತೊಲೆ ಒಂದು ಮಟ್ಟದಲ್ಲಿದ್ದರೆ, 10,000 ಕಾಯಿ ಏರಿದ ಮೇಲೆ ನಡುವೆ ಜಗ್ಗಿದ ತೊಲೆ ಇನ್ನೊಂದು ಮಟ್ಟಕ್ಕಿಳಿಯುತ್ತದೆ. ಹಾಗಾಗಿ ತುಂಬಿದ ಅಟ್ಟದಡಿ, ತೊಲೆಯ ನಟ್ಟನಡುವೆ ಟೇಪ್ ಹಿಡಿಯಿರಿ. ಟಾಪ್ ತೆಗೆದ ಮೇಲೂ ನೆಟ್ಟಗೆ ನಿಂತ ಸೈಲೆನ್ಸರನ್ನು ಮರೆಯಬೇಡಿ.

ಒಳಗೆ ಬರುವಾಗ ಕಂಬದ ಹತ್ತಿರ ಒಬ್ಬರು ನಿಂತು ನೋಡುತ್ತಿರಲಿ. ಟನ್‌ಗಟ್ಟಲೆ ಭಾರ ಹೊತ್ತ ಕಂಬಕ್ಕೆ ದೊಡ್ಡ ಚಕ್ರ ತಗುಲಬಾರದು. ಅಟ್ಟಕ್ಕೆ ಹಾಸಿದ ದಬ್ಬೆಗಳ ಸಂದಿನಿಂದ ಒಣ ನಾರು ಇಳಿಬಿದ್ದಿರುತ್ತದೆ. ಸೈಲೆನ್ಸರಿನ ನೇರಕ್ಕಿರುವುದನ್ನು ಮೊದಲೇ ಕಿತ್ತುಹಾಕಿ, ಗಾಡಿ ನಿಂತ ಕೂಡಲೇ ಎಂಜಿನ್ ಆರಿಸಿ.