ರಾಡಿ ನೀರಿನ ದಾರಿ

ಮಿರಗದ ಮಳೆ ಭಾಲ್ಕಿ ತಾಲ್ಲೂಕಿನ ನಮ್ಮ ಭಾತಂಬ್ರಾದ ಮೇಲೆ ಹೇಳಿ ಕೇಳಿ ಬರುವುದಿಲ್ಲ. ಮಧ್ಯಾಹ್ನದ ಮೇಲೆ ಕಪ್ಪು ಕಟ್ಟಿ, ಧೂಳೆಬ್ಬಿಸಿ, ಒಮ್ಮೆಲೇ ಸುರಿದುಬಿಡುತ್ತದೆ. ಬೇಸಿಗೆಯಿಡೀ ಬಾಯಿ ಬಿಟ್ಟುಕೊಂಡಿದ್ದ ಎರೆಹೊಲದ ಬಿರುಕುಗಳು ಮೊದಮೊದಲು ಗಟಗಟ ಕುಡಿಯುತ್ತವೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ಜಾಗ ಸಿಗದ ನೀರು ಇಳಿಜಾರು ಹಿಡಿಯುತ್ತದೆ.

ಮಳೆ ನಿಂತ ಮೇಲೆ ಹಳ್ಳದ ದಂಡೆಗೆ ಹೋದೆ. ಎರೆಹೊಲದ ಕರಿನೀರು ಒಂದು ಕಡೆಯಿಂದ, ದಿಬ್ಬದ ಕೆಂಪು ನೀರು ಇನ್ನೊಂದು ಕಡೆಯಿಂದ. ಎರಡೂ ಕೂಡಿದಲ್ಲಿ ಹಾಲು ಕಡಿಮೆಯಾದ ಚಹಾದ ಬಣ್ಣ. ಪಕ್ಕದ ಹೊಲದ ಒಡ್ಡು ಎರಡು ಮಾರು ಒಡೆದಿತ್ತು. ಅದರ ಮೇಲೆ ಕುಂತಿದ್ದ ಹಿರಿಯರು ನನ್ನ ಮುಖ ನೋಡದೆಯೇ ಅಂದರು: "ಇದು ನೀರಲ್ಲರೀ, ನನ್ನ ಹೊಲಾನೇ ಹೊಂಟದ."

ಆ ನೀರನ್ನು ಒಂದು ಗ್ಲಾಸಿನಲ್ಲಿ ತುಂಬಿಕೊಂಡು ಬಂದು ಕಿಟಕಿಯಲ್ಲಿಟ್ಟೆ. ಚಪ್ಪಲಿ ಕಳಚುವಷ್ಟರಲ್ಲಿ ಮರಳು ತಳ ಸೇರಿತ್ತು. ರಾತ್ರಿ ಊಟದ ಹೊತ್ತಿಗೆ ಅದರ ಮೇಲೊಂದು ನುಣುಪಾದ ಪದರ. ಮರುದಿನ ಬೆಳಿಗ್ಗೆಯೂ ಮೇಲಿನ ನೀರು ತಿಳಿಯಾಗಿರಲಿಲ್ಲ. ಹಾಗೆ ತೇಲುತ್ತ ಉಳಿದದ್ದು ಜೇಡಿಯ ಅತಿ ಸಣ್ಣ ಕಣ, ಕೊಳೆತ ಎಲೆ-ಗೊಬ್ಬರದ ಪುಡಿ. ಹೊಲದ ಕಸುವಿರುವುದು ಇದರಲ್ಲೇ. ಪಾದರಸ ಅಂಟಿಕೊಳ್ಳುವುದೂ ಇದಕ್ಕೇ.

ಹೊಲಕ್ಕೂ ಪಾದರಸಕ್ಕೂ ಎಲ್ಲಿಯ ನಂಟು ಎನ್ನಬೇಡಿ. ಭಾಲ್ಕಿಯಲ್ಲಿ ರೈಲು ಹತ್ತಿ, ಉದಗೀರ ದಾಟಿ, ವೈಜನಾಥನ ದರ್ಶನಕ್ಕೆ ಪರಳಿಗೆ ಹೋದವರು ಅಲ್ಲಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡಿಯೇ ಇರುತ್ತೀರಿ. ಎಲ್ಲಿಯ ಕಲ್ಲಿದ್ದಲೇ ಆಗಲಿ, ಸುಟ್ಟರೆ ಅದರೊಳಗಿನ ಪಾದರಸ ಆವಿಯಾಗಿ ಏರುತ್ತದೆ. ತಿಂಗಳುಗಟ್ಟಲೆ ಗಾಳಿಯಲ್ಲಿ ಅಲೆದು, ದೇಶ ದಾಟಿ, ಮಳೆಯೊಂದಿಗೋ ಧೂಳಿನೊಂದಿಗೋ ಇಳಿಯುತ್ತದೆ. ಲೋಕದ ಯಾವ ಊರಿನ ಮೇಲ್ಮಣ್ಣಿನಲ್ಲೂ ಅದರ ಚೂರುಪಾರು ಇದ್ದದ್ದೇ. ಮಣ್ಣಲ್ಲಿ ಕೂತಿರುವಷ್ಟು ಕಾಲ ಅದರ ಉಪದ್ರವ ಕಡಿಮೆ. ಚುರುಕು ಹುಡುಗನನ್ನು ನಾವು ಪಾದರಸ ಎನ್ನುತ್ತೇವಲ್ಲ, ಹೊಲಕ್ಕೆ ಬಿದ್ದ ಪಾದರಸ ಮಾತ್ರ ಸೋಮಾರಿ. ಅದು ಹಳ್ಳಕ್ಕೆ ಇಳಿಯಬೇಕಾದರೆ ಬಹುಮಟ್ಟಿಗೆ ಮಣ್ಣೇ ಹೊತ್ತುಕೊಂಡು ಹೋಗಬೇಕು.

ಬ್ರೆಜಿಲ್‌ನ ತಪಜೋಸ್ ನದಿಯಲ್ಲಿ ಪಾದರಸ ಹೆಚ್ಚಿದಾಗ ಎಲ್ಲರೂ ಪಾದರಸ ಬಳಸಿ ಚಿನ್ನ ಸೋಸುವವರತ್ತ ಬೆರಳು ತೋರಿದ್ದರು. 1990ರ ದಶಕದಲ್ಲಿ ಕೆದಕಿ ನೋಡಿದ ವಿಜ್ಞಾನಿಗಳಿಗೆ ಬೇರೆಯದೇ ಕಂಡಿತು: ಕಾಡು ಕಡಿದು ಬರಿದಾದ ನೆಲದಿಂದ ಕೊಚ್ಚಿಬಂದ ಮಣ್ಣೇ ಅದರ ದೊಡ್ಡ ಪಾಲನ್ನು ತಂದಿತ್ತು.

ನಮ್ಮ ಹಳ್ಳಗಳ ರಾಡಿ ಮಾಂಜ್ರಾ ನದಿ ಸೇರಿ ತೆಲಂಗಾಣಕ್ಕೆ ಇಳಿಯುತ್ತದೆ. ಮಾಂಜ್ರಾಕ್ಕೆ ಅಡ್ಡಲಾಗಿ 1931ರಲ್ಲಿ ಕಟ್ಟಿ ಮುಗಿಸಿದ ನಿಜಾಮಸಾಗರದಲ್ಲಿ ಅರ್ಧ ಶತಮಾನ ಕಳೆಯುವ ಮೊದಲೇ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಹೂಳು ನುಂಗಿತ್ತು. ಮೇಲಿನ ಊರುಗಳ ಎಷ್ಟು ಹೊಲ ಅಲ್ಲಿ ಮಲಗಿದೆಯೋ!

ಯಾವುದೇ ಕೆರೆಯ ತಳದಲ್ಲಿ, ಗಾಳಿಯಾಡದ ಹೂಳಿನೊಳಗೆ, ಸೂಕ್ಷ್ಮಾಣುಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅಸಲಿ ವಿಷ ಅದು. ಹುಳದಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತ ಅದರ ಪ್ರಮಾಣ ಏರುತ್ತದೆ. ಕೊನೆಗೆ ತಟ್ಟೆಗೆ ಬರುತ್ತದೆ, ಬಸುರಿಯ ಹೊಟ್ಟೆಯೊಳಗಿನ ಕೂಸಿನ ಮಿದುಳಿಗೂ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದದ್ದು ಇದೇ ವಿಷ. ಅಲ್ಲಿ ಅದನ್ನು ಸಮುದ್ರಕ್ಕೆ ಬಿಟ್ಟದ್ದು ಕಾರ್ಖಾನೆ. ಪಾದರಸಕ್ಕೆ ಕಡಿವಾಣ ಹಾಕುವ, ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಚಿಮಣಿಗಳ ಮಾತು ಅಲ್ಲಿ ನಡೆಯಲಿ; ಒಡ್ಡಿನ ಮಾತಿಗೆ ದಿಲ್ಲಿಯವರೆಗೆ ಹೋಗಬೇಕಿಲ್ಲ.

ಸಂಜೆ ಮತ್ತೆ ಹೋದಾಗ ಆ ಹಿರಿಯರು ಒಡಕಿಗೆ ಕಲ್ಲು ಪೇರಿಸಿ, ಸಂದುಗಳಿಗೆ ತೊಗರಿ ಕಟ್ಟಿಗೆ ತುರುಕುತ್ತಿದ್ದರು. ನಿಮ್ಮ ಹೊಲದ ಒಡ್ಡನ್ನೂ ಮುಂದಿನ ಮಳೆಗೆ ಮುಂಚೆ ಒಂದು ಸುತ್ತು ನೋಡಿ ಬನ್ನಿ.