ಬೇಸಿಗೆಯಲ್ಲಿ ಕಾಯುವ ಗಣಕಯಂತ್ರ

ಬೇಸಿಗೆಯ ರಜೆ ಆರಂಭವಾದೊಡನೆ ಅನೇಕ ಮನೆಗಳಲ್ಲಿ ಒಂದೇ ಬಗೆಯ ದೂರು ಕೇಳಿಬರುತ್ತದೆ. ಮಗನೋ ಮಗಳೋ ಗಣಕಯಂತ್ರದಲ್ಲಿ ಆಟವಾಡಲು ಕುಳಿತ ಅರ್ಧ ಗಂಟೆಯೊಳಗೆ ಅದರ ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಮೊರೆಯತೊಡಗುತ್ತವೆ. ಪರದೆಯ ಮೇಲಿನ ಚಿತ್ರ ತಡವರಿಸುತ್ತದೆ. ಒಮ್ಮೊಮ್ಮೆ ಯಂತ್ರ ತಾನಾಗಿಯೇ ಆರಿಹೋಗುತ್ತದೆ. ಆಟವಾಡಿ ಆಡಿ ಸುಟ್ಟುಬಿಟ್ಟೆಯೆಂದು ಹಿರಿಯರು ಗದರುತ್ತಾರೆ. ಅಂಗಡಿಗೆ ಒಯ್ದರೆ ಹೊಸ ಭಾಗ ಕೊಳ್ಳಿರೆಂಬ ಸಲಹೆ ದೊರೆಯುತ್ತದೆ. ಆಟಕ್ಕೆ ತಕ್ಕ ಗಣಕಯಂತ್ರವೆಂದರೆ ಹತ್ತಾರು ಸಾವಿರ ರೂಪಾಯಿಗಳ ಮಾತು. ಮಕ್ಕಳ ವಿದ್ಯಾಭ್ಯಾಸವೂ ಬಹುಮಟ್ಟಿಗೆ ಅದೇ ಯಂತ್ರದಲ್ಲಿ ನಡೆದಿರುತ್ತದೆ. ಗದರುವ ಮೊದಲು, ಹಣ ಬಿಚ್ಚುವ ಮೊದಲು, ಈ ಶಾಖ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂಬುದನ್ನು ಮನೆಯವರು ಅರಿತಿರುವುದು ಲೇಸು.

ಗಣಕಯಂತ್ರವು ಸೇವಿಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. 1993ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಮೊದಲ ಪೆಂಟಿಯಂ ಪ್ರೊಸೆಸರ್ ಸುಮಾರು 15 ವ್ಯಾಟ್ ಬಳಸುತ್ತಿತ್ತು. ಒಂದು ಸಣ್ಣ ದೀಪದಷ್ಟು. ಅದೇ ಸಂಸ್ಥೆಯ 2023ರ ಕೋರ್ ಐ9-14900ಕೆ ಪೂರ್ಣ ಶ್ರಮದಲ್ಲಿ 253 ವ್ಯಾಟ್ ಬೇಡುತ್ತದೆ. ಆಟದ ದೃಶ್ಯಗಳನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡು ಇನ್ನೂ ಹೊಟ್ಟೆಬಾಕ. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 4090 (2022) 450 ವ್ಯಾಟ್, 2025ರ ಆರ್‌ಟಿಎಕ್ಸ್ 5090 ಬರೋಬ್ಬರಿ 575 ವ್ಯಾಟ್. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬರುವ ಆರ್‌ಟಿಎಕ್ಸ್ 4060 ಮಾತ್ರ 115 ವ್ಯಾಟ್‌ಗೆ ತೃಪ್ತಿಪಡುತ್ತದೆ. ಪತ್ರ ಬರೆಯುವಾಗ, ಲೆಕ್ಕ ಮಾಡುವಾಗ ಈ ಭಾಗಗಳು ಬಹುಪಾಲು ವಿಶ್ರಾಂತಿಯಲ್ಲಿರುತ್ತವೆ. ಆದರೆ 'ಸೈಬರ್‌ಪಂಕ್ 2077'ರಂತಹ ಆಟದಲ್ಲಿ ಇಡೀ ನಗರವೊಂದರ ಬೆಳಕು, ನೆರಳು, ಮಳೆಯ ಪ್ರತಿಬಿಂಬಗಳನ್ನು ಸೆಕೆಂಡಿಗೆ ಹತ್ತಾರು ಬಾರಿ ಹೊಸದಾಗಿ ಚಿತ್ರಿಸಬೇಕು. 500 ವ್ಯಾಟ್‌ನ ಯಂತ್ರವೊಂದು ಹೀಗೆ ದುಡಿಯುತ್ತಿದ್ದರೆ, ಮೇ ತಿಂಗಳಲ್ಲಿ ಸಣ್ಣ ಹೀಟರೊಂದನ್ನು ಉರಿಸಿಕೊಂಡು ಕುಳಿತಂತೆಯೇ ಸರಿ.

ಹಿರಿಯರು ಹೆದರುವಂತೆ ಯಂತ್ರವು ಒಮ್ಮೆಲೇ ಸುಟ್ಟುಹೋಗುವುದು ಅಪರೂಪ. ಇಂದಿನ ಪ್ರೊಸೆಸರುಗಳು ತಮ್ಮ ತಾಪವನ್ನು ತಾವೇ ಅಳೆದುಕೊಳ್ಳುತ್ತವೆ. ಮೇಲೆ ಹೇಳಿದ ಇಂಟೆಲ್ ಪ್ರೊಸೆಸರಿಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿ ಸಂಸ್ಥೆಯ ರೈಜೆನ್ 7000 ಸರಣಿಯ ಬಹುತೇಕ ಪ್ರೊಸೆಸರುಗಳಿಗೆ 95 ಡಿಗ್ರಿ ಎಲ್ಲೆಯೆಂದು ನಿಗದಿಯಾಗಿದೆ. ಎಲ್ಲೆ ಮುಟ್ಟಿದೊಡನೆ ಅವು ವೇಗ ತಗ್ಗಿಸಿಕೊಳ್ಳುತ್ತವೆ. ಆಗಲೇ ಆಟ ತಡವರಿಸುವುದು. ಅದಕ್ಕೂ ಬಗ್ಗದಿದ್ದರೆ ಯಂತ್ರ ಆರುತ್ತದೆ. ಇದು ರೋಗವಲ್ಲ, ಆತ್ಮರಕ್ಷಣೆ.

ತಂಪು ಮಾಡುವುದೆಂದರೆ ಶಾಖವನ್ನು ಇಲ್ಲವಾಗಿಸುವುದಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಪ್ರೊಸೆಸರಿನ ಮೇಲೆ ಲೇಪಿಸಿದ ಪೇಸ್ಟು ಲೋಹಗಳ ನಡುವಣ ಕಣ್ಣಿಗೆ ಕಾಣದ ಸಂದುಗಳನ್ನು ತುಂಬುತ್ತದೆ. ಸಂದಿನಲ್ಲಿ ಗಾಳಿಯಿದ್ದರೆ ಶಾಖ ದಾಟುವುದು ಬಹು ಕಷ್ಟ. ಅಲ್ಲಿಂದ ಮುಂದೆ ತಾಮ್ರದ ಕೊಳವೆಗಳು. ಇವುಗಳ ರಚನೆ ಬಹು ಸ್ವಾರಸ್ಯಕರ. ಗಾಳಿ ತೆಗೆದ ಕೊಳವೆಯಲ್ಲಿ ಕೊಂಚವೇ ನೀರು ಇರುತ್ತದೆ; ಬಿಸಿಯಾದ ತುದಿಯಲ್ಲಿ ಅದು ಆವಿಯಾಗಿ, ತಂಪಾದ ತುದಿಯಲ್ಲಿ ಮತ್ತೆ ನೀರಾಗಿ, ಒಳಗಿನ ಬತ್ತಿಯಂತಹ ಪದರದ ಮೂಲಕ ಮರಳಿ ಬರುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1963ರಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ರೂಪಿಸಿದ ಈ ಕೊಳವೆ ಇಂದು ನಮ್ಮ ಮಕ್ಕಳ ಮೇಜಿನ ಮೇಲಿದೆ. ಕಡೆಗೆ ಲೋಹದ ರೆಕ್ಕೆಗಳು, ಫ್ಯಾನು. ದುಬಾರಿ ದ್ರವ ತಂಪುಕಾರಕವೂ ಕೊನೆಗೆ ಇಂತಹ ರೆಕ್ಕೆ-ಫ್ಯಾನುಗಳಿಂದಲೇ ಶಾಖವನ್ನು ಕೋಣೆಯ ಗಾಳಿಗೆ ಸುರಿಯುತ್ತದೆ.

ಎಂದ ಮೇಲೆ ಎಲ್ಲವೂ ಬಂದು ನಿಲ್ಲುವುದು ಕೋಣೆಯ ಗಾಳಿಯ ಬಳಿಗೆ. ಕೋಣೆ 25 ಡಿಗ್ರಿಯಿರುವಾಗ 75ರಲ್ಲಿ ನಿಲ್ಲುವ ಪ್ರೊಸೆಸರ್, ಅದೇ ಆಟ, ಅದೇ ಫ್ಯಾನುಗಳಿದ್ದರೂ ಕೋಣೆ 40 ಮುಟ್ಟಿದಾಗ ಸುಮಾರು 90 ಡಿಗ್ರಿಗೆ ಏರುತ್ತದೆ. ಕಲಬುರಗಿ, ರಾಯಚೂರುಗಳ ಬಿಸಿಲು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲು ಹೀರಿದ ಕಾಂಕ್ರೀಟು ಛಾವಣಿಯ ಕೆಳಗಿನ ಮಹಡಿಯ ಕೋಣೆ ರಾತ್ರಿ ಬಹಳ ಹೊತ್ತಿನವರೆಗೂ ಆರುವುದಿಲ್ಲ. ಯಂತ್ರವನ್ನು ಕೆಳಮನೆಗೆ ಇಳಿಸುವುದೇ ಹೊಸ ಫ್ಯಾನು ಕೊಳ್ಳುವುದಕ್ಕಿಂತ ಮೇಲು. ಹಳೆಯ ದಪ್ಪ ಗೋಡೆಯ ಮಾಳಿಗೆ ಮನೆ ತಂಪೇನೋ ಹೌದು, ಆದರೆ ಮೇಲಿನಿಂದ ಮಣ್ಣುದುರುತ್ತದೆಂಬುದನ್ನು ಮರೆಯಬಾರದು. ತಲೆಯ ಮೇಲಿನ ಫ್ಯಾನು ಕೋಣೆಯ ಗಾಳಿಯನ್ನು ತಂಪು ಮಾಡದು. ನಮ್ಮ ಬೆವರನ್ನು ಆರಿಸುತ್ತದೆ, ಅಷ್ಟೆ. ಯಂತ್ರ ಬೆವರುವುದಿಲ್ಲವಲ್ಲ! ನೀರಿನ ಕೂಲರಿನಿಂದ ಒಣ ಪ್ರದೇಶಗಳಲ್ಲಿ ಪ್ರಯೋಜನವುಂಟು, ಆದರೆ ಅದರ ತುಂತುರು ನೇರವಾಗಿ ಕ್ಯಾಬಿನೆಟ್ಟಿಗೆ ಬಡಿಯಕೂಡದು. ಕಿಟಕಿ ತೆರೆದಿಡುವುದೂ ಅವಶ್ಯ.

ಶಾಖ ಹುಟ್ಟುವುದನ್ನೇ ತಗ್ಗಿಸುವ ಉಪಾಯವೊಂದಿದೆ. ಖರ್ಚಿಲ್ಲದ್ದು, ಆದುದರಿಂದ ಅಂಗಡಿಯವರು ಸಾಮಾನ್ಯವಾಗಿ ಹೇಳದ್ದು. ಸಾಧಾರಣ ಮಾನಿಟರೊಂದು ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದು. ಗ್ರಾಫಿಕ್ಸ್ ಕಾರ್ಡು 140 ಚಿತ್ರಗಳನ್ನು ಸಿದ್ಧಪಡಿಸಿದರೆ ಹೆಚ್ಚಿನ ಶ್ರಮವೆಲ್ಲ ಬಹುಪಾಲು ಶಾಖಕ್ಕೆ ಸಂದಿತು. ಆಟದ ಸೆಟ್ಟಿಂಗುಗಳಲ್ಲಿ 60ರ ಮಿತಿ ಹಾಕಿದರೆ ಫ್ಯಾನುಗಳ ಮೊರೆತ ತಗ್ಗುವುದನ್ನು ಕೆಲವೇ ನಿಮಿಷಗಳಲ್ಲಿ ಕೇಳಬಹುದು. ಸ್ಪರ್ಧೆಗಾಗಿ ಆಡುವ ತರುಣರು ಇದಕ್ಕೆ ಒಪ್ಪಲಿಕ್ಕಿಲ್ಲ. ಅವರ ವಾದದಲ್ಲಿ ಹುರುಳೂ ಇದೆ. ಕಾರ್ಡಿನ ವಿದ್ಯುತ್ ಮಿತಿಯನ್ನು ಎಂಎಸ್ಐ ಆಫ್ಟರ್‌ಬರ್ನರ್‌ನಂತಹ ತಂತ್ರಾಂಶದಿಂದ 80 ಪ್ರತಿಶತಕ್ಕೆ ಇಳಿಸಿದರೂ ವೇಗದ ನಷ್ಟ ಆ ಪ್ರಮಾಣದಲ್ಲಿ ಆಗುವುದಿಲ್ಲ, ಬಹಳ ಕಡಿಮೆ. ಲ್ಯಾಪ್‌ಟಾಪಿದ್ದವರು ಅದನ್ನು ಹಾಸಿಗೆ, ದಿಂಬುಗಳ ಮೇಲಿರಿಸದೆ, ಹಿಂಬದಿಯನ್ನು ಒಂದೆರಡು ಅಂಗುಲ ಎತ್ತಿಟ್ಟರೆ ಸಾಕಷ್ಟು ಅನುಕೂಲ. ಮಂಜುಗಡ್ಡೆಯ ಚೀಲ ಇಡುವುದು, ಫ್ರಿಜ್ಜಿನಲ್ಲಿರಿಸುವುದು ಮುಂತಾದ ಸಾಹಸಗಳು ಬೇಡ. ತೀರ ತಣ್ಣಗಾದ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟಿ ವಿದ್ಯುತ್ ಭಾಗಗಳಿಗೆ ಇಳಿಯುತ್ತದೆ.

ಇನ್ನುಳಿದದ್ದು ಧೂಳು, ನಮ್ಮ ಮನೆಗಳ ನಿಜವಾದ ಶತ್ರು. ನಮ್ಮ ಪರಿಚಿತರ ಮನೆಯೊಂದರಲ್ಲಿ ಎರಡು ವರ್ಷದ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡನ್ನೇ ಬದಲಿಸಬೇಕೆಂದು ದುರಸ್ತಿಯವರು ತೀರ್ಪು ಕೊಟ್ಟಿದ್ದರು. ಮಗನ ಇಂಜಿನಿಯರಿಂಗ್ ಕಾಲೇಜಿನ ಶುಲ್ಕ ಕಟ್ಟುವ ತಿಂಗಳು. ತಂದೆ ಯಂತ್ರವನ್ನೇ ಮಾರಿಬಿಡುವ ಯೋಚನೆಯಲ್ಲಿದ್ದರು. ನಾವು ನೋಡಿದಾಗ ಕ್ಯಾಬಿನೆಟ್ಟು ಮರದ ಮೇಜಿನ ಬಾಗಿಲುಳ್ಳ ಗೂಡಿನಲ್ಲಿತ್ತು. ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಸೇದುತ್ತಿತ್ತು. ತೆರೆದರೆ ರೆಕ್ಕೆಗಳ ನಡುವೆ ಕಂಬಳಿಯ ತುಂಡಿನಂತೆ ಧೂಳು ಒತ್ತಾಗಿ ಕೂತಿತ್ತು. ಅದನ್ನು ತೆಗೆದು, ಗೂಡಿನಿಂದ ಹೊರಗಿಟ್ಟ ಮೇಲೆ ಅದೇ ಆಟದಲ್ಲಿ ಕಾರ್ಡಿನ ತಾಪ 87ರಿಂದ 71ಕ್ಕೆ ಇಳಿಯಿತು. ಆ ಹುಡುಗ ಅದೇ ಕಾರ್ಡಿನಲ್ಲಿ ಇಂದಿಗೂ ಓದುತ್ತಾನೆ, ಆಡುತ್ತಾನೆ. ಕಾರ್ಡಿನ ತಾಪವನ್ನು ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಯಾರೂ ನೋಡಬಹುದು.

ಶುಚಿ ಮಾಡುವಾಗ ವಿದ್ಯುತ್ ತಂತಿ ಕಳಚಿ, ಯಂತ್ರವನ್ನು ಅಂಗಳಕ್ಕೆ ಒಯ್ದು, ಮೃದು ಕುಂಚದಿಂದಲೂ ಬ್ಲೋವರಿನಿಂದಲೂ ಧೂಳು ತೆಗೆಯಬೇಕು. ಗಾಳಿ ಊದುವಾಗ ಫ್ಯಾನಿನ ಎಸಳುಗಳನ್ನು ಬೆರಳಿನಿಂದ ಹಿಡಿದಿರಬೇಕು. ಅತಿ ವೇಗದಲ್ಲಿ ತಿರುಗಿದರೆ ಅದರ ಬೇರಿಂಗು ಕೆಡಬಹುದು. ಹಳ್ಳಿಗಳಲ್ಲಿ ಜೋಳದ ರಾಶಿ ಮುಗಿದ ಮೇಲೆ, ಬಿರುಬಿಸಿಲು ಏರುವ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಮಾಡಿದರೆ ವರ್ಷಕ್ಕೆ ಸಾಕು. ರಸ್ತೆಯ ಬದಿಯ ಮನೆಯಾದರೆ ಮೂರು ತಿಂಗಳಿಗೊಮ್ಮೆ.