ತಪ್ಪಾಯ್ತು ಅಂತ ಸಿಸ್ಟರ್ ಯಾಕೆ ಬರೆದುಕೊಡೋದಿಲ್ಲ?

ಲ್ಯಾಬ್‌ನಲ್ಲಿ 741 ಐಸಿ ಸುಟ್ಟುಹೋದರೆ ನಾವು ಎಂತ ಮಾಡ್ತೇವೆ? ಸದ್ದಿಲ್ಲದೆ ವಾಪಸ್ ಡಬ್ಬಕ್ಕೆ ಹಾಕ್ತೇವೆ. ಹೇಳಿದರೆ ಫೈನ್, ಮೇಲಿಂದ ಬೈಗುಳ. ಮಧ್ಯಾಹ್ನದ ಬ್ಯಾಚಿನವನು ಅದೇ ಐಸಿ ಹಾಕಿ, ಔಟ್‌ಪುಟ್ ಬರದೆ ಎರಡು ಗಂಟೆ ವೈರ್ ಕಿತ್ತು ಕಿತ್ತು ನೋಡ್ತಾನೆ. ರಿಜಿಸ್ಟರ್ ಪ್ರಕಾರ ಮಾತ್ರ ಎಲ್ಲ ಸರಿ ಉಂಟು.

ಆಸ್ಪತ್ರೆಯಲ್ಲೂ ಹೀಗೇ ಆಗ್ತದೆ ಅಂತ ಗೊತ್ತಾದದ್ದು ಮಡಂತ್ಯಾರಿನ ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮನ ಮಗಳು, ನನ್ನ ಅಕ್ಕ, ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಒಂದು ನೈಟ್ ಡ್ಯೂಟಿಯಲ್ಲಿ, ಇಬ್ಬರು ಇರಬೇಕಾದ ವಾರ್ಡಿನಲ್ಲಿ ಅವಳೊಬ್ಬಳೇ. ವಾಂತಿಯಾಗುತ್ತಿದ್ದ ರೋಗಿಗೆ ಓಂಡಾನ್ಸೆಟ್ರಾನ್ ಕೊಡಬೇಕಿತ್ತು. ಪಕ್ಕದಲ್ಲೇ ಇದ್ದ, ಗ್ಯಾಸ್ಟ್ರಿಕ್‌ಗೆ ಕೊಡುವ ರಾನಿಟಿಡಿನ್ ಒಡೆದು ಕೊಟ್ಟಳು. ಎರಡೂ 2 ಮಿಲಿಯ ಪುಟ್ಟ ಆಂಪುಲ್, ಒಂದೇ ಟ್ರೇ. ಖಾಲಿ ಆಂಪುಲ್ ಬಿಸಾಡುವಾಗ ಹೆಸರು ಕಣ್ಣಿಗೆ ಬಿತ್ತು. ಡ್ಯೂಟಿ ಡಾಕ್ಟರಿಗೆ ಹೇಳಿದಳು, ಸರಿಯಾದ ಇಂಜೆಕ್ಷನ್ ಕೊಟ್ಟಳು. ರೋಗಿಗೆ ಏನೂ ಆಗಲಿಲ್ಲ.

"ಮತ್ತೆ ರಿಪೋರ್ಟ್ ಬರೆದೆಯಾ ಅಕ್ಕ?" ಕೇಳಿದೆ.

"ನಿನಗೆಂತ ಮರುಳಾ ಮಾರಾಯ?" ಅಂದಳು.

ಅವಳ ಆಸ್ಪತ್ರೆಯಲ್ಲಿ ಇನ್ಸಿಡೆಂಟ್ ಫಾರ್ಮ್ ಉಂಟು. ಆದರೆ ಅದರಲ್ಲಿ ತುಂಬಬೇಕಾದ ಮೊದಲ ಸಂಗತಿಯೇ ತಪ್ಪು ಮಾಡಿದವರ ಹೆಸರು. ಟ್ರೇ ಹೇಗಿತ್ತು, ಲೈಟ್ ಇತ್ತಾ, ಎಷ್ಟು ಜನ ಡ್ಯೂಟಿಯಲ್ಲಿದ್ದರು ಎಂಬ ಪ್ರಶ್ನೆಯೇ ಇಲ್ಲ. ಫಾರ್ಮ್ ನೇರ ಸೂಪರಿಂಟೆಂಡೆಂಟ್ ಮೇಜಿಗೆ, ಅಲ್ಲಿಂದ ವಿವರಣೆ ಕೇಳಿ ಮೆಮೋ. ನಮ್ಮ ಕರಾವಳಿಯ ನರ್ಸ್‌ಗಳಿಗೆ ಇನ್ನೊಂದು ಹೆದರಿಕೆ ಗಲ್ಫ್‌ನದ್ದು. ಅಲ್ಲಿ ಲೈಸೆನ್ಸ್ ಬೇಕಾದರೆ ಅನುಭವ ಪತ್ರ ಬೇಕು, ಅದು ಸಾಚಾವಾ ಅಂತ ಹಳೆಯ ಆಸ್ಪತ್ರೆಯನ್ನೇ ಕೇಳುತ್ತಾರೆ. ಮನೆಯ ಸಾಲ, ತಮ್ಮನ ಫೀಸು ಎಲ್ಲ ಆ ಒಂದು ಕಾಗದದ ಮೇಲೆ ನಿಂತಿರುವಾಗ ಯಾರು ಬರೆದುಕೊಡ್ತಾರೆ?

ಹೆದರಿಕೆ ಒಂದೇ ಅಲ್ಲ. ರೋಗಿಗೆ ಏನೂ ಆಗದಿದ್ದರೆ ಅದನ್ನು ತಪ್ಪು ಅಂತಲೇ ಲೆಕ್ಕ ಹಿಡಿಯದವರು ಬಹಳ. ತಪ್ಪಿನ ಮೂಲ ದೊಡ್ಡ ಡಾಕ್ಟರರ ಗೀಚು ಅಕ್ಷರವೋ ಫೋನಿನಲ್ಲಿ ಹೇಳಿದ ಆರ್ಡರೋ ಆಗಿದ್ದರೆ ಬರೆಯುವುದು ಇನ್ನೂ ಕಷ್ಟ. ಬರೆದರೂ ಏನಾಯಿತೆಂದು ಯಾರೂ ತಿರುಗಿ ಹೇಳುವುದಿಲ್ಲ.

ಕಾನೂನೂ ಧೈರ್ಯ ಕೊಡುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಜೈಲು. ನೋಂದಾಯಿತ ವೈದ್ಯರು ಚಿಕಿತ್ಸೆ ನಡೆಸುವಾಗ ಹಾಗಾದರೆ 2 ವರ್ಷದವರೆಗೆ. 'ನೋಂದಾಯಿತ ವೈದ್ಯ' ಎಂದರೆ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರು. ನರ್ಸ್‌ಗಳ ಹೆಸರಿರುವುದು ನರ್ಸಿಂಗ್ ಕೌನ್ಸಿಲಿನಲ್ಲಿ. ಅಂದರೆ ಬರೆದ ಕೈಗೆ ಎರಡು, ಚುಚ್ಚಿದ ಕೈಗೆ ಐದು. ಇದು ನನಗಂತೂ ಸರಿ ಕಾಣುವುದಿಲ್ಲ.

ಧೈರ್ಯ ಮಾಡಿ ಹೇಳಿದವರ ಕಥೆ ಎಂತಾಯ್ತು? 2017ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಆಸ್ಪತ್ರೆಯಲ್ಲಿ ರಡೋಂಡಾ ವಾಟ್ ಎಂಬ ನರ್ಸ್, ರೋಗಿಯನ್ನು ಶಾಂತಗೊಳಿಸುವ ವರ್ಸೆಡ್ ತೆಗೆಯಲು ಔಷಧದ ಯಂತ್ರದಲ್ಲಿ 'ವಿ', 'ಇ' ಎಂದು ಎರಡಕ್ಷರ ಒತ್ತಿದರು. ಯಂತ್ರದಲ್ಲಿ ಆ ಔಷಧ ಇದ್ದದ್ದು ಮಿಡಾಜೊಲಾಮ್ ಎಂಬ ಹೆಸರಲ್ಲಿ. ಓವರ್‌ರೈಡ್ ಮಾಡಿದಾಗ ಸಿಕ್ಕಿದ್ದು ವೆಕ್ಯುರೋನಿಯಂ, ಸ್ನಾಯುಗಳನ್ನೇ ನಿಶ್ಚಲಗೊಳಿಸುವ ಔಷಧ. ಎಚ್ಚರಿಕೆಗಳನ್ನು ಅವರು ಗಮನಿಸಲಿಲ್ಲ, ಅದು ಅವರದ್ದೇ ತಪ್ಪು. ರೋಗಿ ತೀರಿಕೊಂಡರು. ತಪ್ಪು ಗೊತ್ತಾದ ಕೂಡಲೇ ವಾಟ್ ತಾವೇ ಒಪ್ಪಿಕೊಂಡರು. ಕೆಲಸ ಹೋಯಿತು, ಲೈಸೆನ್ಸ್ ಹೋಯಿತು, 2022ರಲ್ಲಿ ಕ್ರಿಮಿನಲ್ ಕೋರ್ಟು ಅಪರಾಧಿ ಎಂದು ತೀರ್ಮಾನಿಸಿ 3 ವರ್ಷ ಪ್ರೊಬೇಷನ್ ವಿಧಿಸಿತು. ಆಸ್ಪತ್ರೆಯ ಮೇಲೆ ಕ್ರಿಮಿನಲ್ ಕೇಸು ಬೀಳಲಿಲ್ಲ.

ಇಂಜಿನಿಯರಿಂಗ್ ಕಣ್ಣಿಂದ ನೋಡಿ. ಎರಡೇ ಅಕ್ಷರಕ್ಕೆ ಪ್ರಾಣ ತೆಗೆಯಬಲ್ಲ ಔಷಧ ತೋರಿಸುವ ಸರ್ಚ್ ಬಾಕ್ಸ್ ಡಿಸೈನ್ ಮಾಡಿದ್ದು ನಮ್ಮಂಥವರೇ ಅಲ್ಲವಾ? ಕನಿಷ್ಠ 5 ಅಕ್ಷರ ಒತ್ತಿಸಬೇಕು ಅಂತ ಔಷಧ ಸುರಕ್ಷತೆಯ ತಜ್ಞರು ಆಮೇಲೆ ಶಿಫಾರಸು ಮಾಡಿದರು. ತಪ್ಪು ಬೆಳಕಿಗೆ ಬಂದದ್ದರಿಂದ ಆ ದೋಷವೂ ಚರ್ಚೆಗೆ ಬಂತು. ಬಾರದಿದ್ದರೆ ಬಗ್ ಹಾಗೇ ಕೂತಿರುತ್ತಿತ್ತು.

ವಿಮಾನದವರು ಈ ಸಮಸ್ಯೆಗೆ 1976ರಲ್ಲೇ ಒಂದು ದಾರಿ ಕಂಡುಕೊಂಡರು. ಅಮೆರಿಕದಲ್ಲಿ ಪೈಲಟ್ ತನ್ನ ತಪ್ಪನ್ನು ಬರೆದು ಕಳಿಸುವುದು ಶಿಕ್ಷೆ ಕೊಡುವ ಇಲಾಖೆಗಲ್ಲ, ನಾಸಾಗೆ. ನಾಸಾ ಹೆಸರು ತೆಗೆದುಹಾಕಿ ಸಂಗತಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಬೇಕೆಂದೇ ಮಾಡಿದ ತಪ್ಪಲ್ಲದಿದ್ದರೆ, 10 ದಿನದೊಳಗೆ ಬರೆದವರಿಗೆ ಸಾಮಾನ್ಯವಾಗಿ ದಂಡವೂ ಇಲ್ಲ. ಇಲ್ಲಿ ಮುಖ್ಯವಾದದ್ದು ಕೇಳುವವನೂ ಶಿಕ್ಷಿಸುವವನೂ ಬೇರೆ ಬೇರೆ ಆಗಿರುವುದು. ಅಕ್ಕನ ಆಸ್ಪತ್ರೆಯಲ್ಲಿ ಇಬ್ಬರೂ ಒಬ್ಬರೇ.

ಹಾಗಂತ ಅಕ್ಕ ಸುಮ್ಮನೆ ಕೂರಲಿಲ್ಲ. ಬೆಳಿಗ್ಗೆ ಹ್ಯಾಂಡೋವರ್ ಕೊಡುವಾಗ ಮುಂದಿನ ಸಿಸ್ಟರ್ ಕಿವಿಯಲ್ಲಿ "ಆ ಎರಡು ಆಂಪುಲ್ ಒಂದೇ ಟ್ರೇಯಲ್ಲಿ ಉಂಟು, ಹೆಸರು ನೋಡಿ ತೆಗಿ" ಅಂದಳಂತೆ. ಅವಳು ಇನ್ನೊಬ್ಬಳಿಗೆ ಹೇಳಿದಳು. ವಾರದೊಳಗೆ ಯಾರೋ ಟ್ರೇಯ ನಡುವೆ ರಟ್ಟಿನ ತುಂಡು ಸಿಕ್ಕಿಸಿ ಎರಡನ್ನೂ ಬೇರೆ ಮಾಡಿದ್ದರು. ಪಕ್ಕದ ವಾರ್ಡಿನ ಟ್ರೇ ಈಗಲೂ ಮೊದಲಿನ ಹಾಗೇ ಉಂಟು.